ಡಿಕ್ಕಿ ದೊಡ್ಡದಾ?

ಹಳೆಯ ಕಾರು ಕೊಳ್ಳಲು ಹೋಗುವವರು ಜೊತೆಗೊಬ್ಬ ಮೆಕ್ಯಾನಿಕ್ಕನ್ನು ಕರೆದೊಯ್ಯುತ್ತಾರೆ. ಹೊಲಿಗೆಯಕ್ಕ ಗಂಡ, ಅತ್ತೆ, ಆರು ವರ್ಷದ ಮಗಳನ್ನು ಕರೆದುಕೊಂಡು, ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು ಬಂದಿದ್ದಳು. ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದೇ ಹಾಗೆ, ಹೊಲಿಗೆಯಕ್ಕ ಎಂದು. ಆಸ್ಪತ್ರೆಯ ಪರದೆ, ದಿಂಬಿನ ಚೀಲ, ಶಾಲೆಯ ಸಮವಸ್ತ್ರ, ಏನು ಕೊಟ್ಟರೂ ಹೊಲಿಯುತ್ತಿದ್ದಳು. ಕೆಲಸ ಕಳೆದುಕೊಂಡ ವ್ಯಾನ್ ಡ್ರೈವರ್ ಗಂಡನೂ ಸೇರಿ ನಾಲ್ಕು ಹೊಟ್ಟೆ ಅವಳ ಪೆಡಲ್ಲಿನಿಂದಲೇ ತುಂಬುತ್ತಿದ್ದವು.

ಕೈಯಲ್ಲಿದ್ದ ಕಾಗದದ ತುಂಡಿನ ಮೇಲೆ ಮೂರೇ ಅಂಕಿ: ಮೂವತ್ತನಾಲ್ಕು, ಹದಿನೇಳು, ಇಪ್ಪತ್ತೆಂಟು. ಅವಳ ಹೊಲಿಗೆಯಂತ್ರದ ಕಬ್ಬಿಣದ ಸ್ಟ್ಯಾಂಡಿನ ಉದ್ದ, ಅಗಲ, ಎತ್ತರ, ಇಂಚುಗಳಲ್ಲಿ. ಯಂತ್ರದ ತಲೆಯನ್ನು ಬಿಚ್ಚಿ ಮಡಿಲಲ್ಲಿ ಇಟ್ಟುಕೊಳ್ಳಬಹುದು. ಸ್ಟ್ಯಾಂಡಿನ ನಟ್ಟುಗಳು ತುಕ್ಕು ಹಿಡಿದು ಕಬ್ಬಿಣದ ಜೊತೆ ಒಂದಾಗಿಬಿಟ್ಟಿದ್ದವು. ಅದು ಹೋದರೆ ಇಡಿಯಾಗಿಯೇ ಹೋಗಬೇಕು.

ಎಲ್ಲಿಗೆ ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಎರಡು ವಾರದ ಹಿಂದೆ ನಗರಸಭೆಯ ಕಚೇರಿಯವರು ಬಂದು ಬೀದಿಯ ಪ್ರತಿ ಗೋಡೆಯ ಮೇಲೂ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋಗಿದ್ದರು. ಬೀದಿಯವರು ಇಪ್ಪತ್ತು ವರ್ಷ ಕಾಲಿಗೆ ಬಿದ್ದರೂ ಮನೆಗೊಂದು ನಂಬರು ಕೊಡದ ಕಚೇರಿ, ಕೆಡವುವುದಕ್ಕೆ ಮಾತ್ರ ಕೇಳದೆಯೇ ಕೊಟ್ಟಿತ್ತು. ದಿನಾಂಕ ಹೇಳಿರಲಿಲ್ಲ. ಹೇಳದೆ ಇರುವುದೇ ಅವರ ಪದ್ಧತಿ. ದಿನ ಗೊತ್ತಿದ್ದರೆ ಜನ ಸೇರುತ್ತಾರೆ, ಗೊತ್ತಿಲ್ಲದಿದ್ದರೆ ನಡುಗುತ್ತಾರೆ.

ಹಿಂದೆ ಇನ್ನೊಂದು ಬೀದಿಯಲ್ಲಿದ್ದಾಗ ಮನೆ ಖಾಲಿ ಮಾಡಲು ಅರ್ಧ ಗಂಟೆ ಕೊಟ್ಟಿದ್ದರು. ಕರೆದರೆ ಒಬ್ಬ ಟೆಂಪೊದವನೂ ಒಳಗೆ ಬಂದಿರಲಿಲ್ಲ. ಅತ್ತೆಯನ್ನು ಗಂಡ ಹೊತ್ತ, ಮಗುವನ್ನು ಇವಳು ಎತ್ತಿಕೊಂಡಳು, ಯಂತ್ರ ಒಳಗೇ ಉಳಿಯಿತು. ಆಮೇಲೆ ಈಗಿನ ಈ ಹಳೆಯ ಯಂತ್ರ ಕೊಳ್ಳುವವರೆಗೆ ಒಂದೂವರೆ ವರ್ಷ ಕೈಯಲ್ಲೇ ಗುಂಡಿ ಹಚ್ಚಿ ಕಾಲ ತಳ್ಳಿದಳು. ಅಂದಿನಿಂದ ಬೀದಿಯಲ್ಲಿ ಯಾವ ದೊಡ್ಡ ಗಾಡಿ ಗೇರು ಬದಲಿಸಿದರೂ ಅವಳು ಕೈಲಿದ್ದ ಬಟ್ಟೆ ಬಿಟ್ಟು ಬಾಗಿಲಿಗೆ ಓಡುತ್ತಿದ್ದಳು.

ಹಾಗಾಗಿ ಕಾರು. ನಾಲ್ಕು ಜನ ಕೂರಬೇಕು, ಹಿಂದೆ ಸ್ಟ್ಯಾಂಡು ಹಿಡಿಸಬೇಕು, ಕೂಡಿಟ್ಟದ್ದರಲ್ಲಿ ಸಿಗಬೇಕು. ಹೊಳಪು ಬೇಡ, ಹಾಡುವ ಪೆಟ್ಟಿಗೆ ಬೇಡ.

ಹಳೆಯ ಕಾರು ಮಾರುವ ಆ ಅಂಗಳದ ಯಜಮಾನ ತಂಪು ಕನ್ನಡಕವನ್ನು ನೆತ್ತಿಗೇರಿಸಿಕೊಂಡು ಬಂದ. ಅತ್ತೆ ನೋಡಿದ ಕೂಡಲೇ ಅವನಿಗೆ ನಾಮಕರಣ ಮಾಡಿದರು.

"ನೋಡೇ, ನೆತ್ತಿಗಣ್ಣ ಬಂದ."

"ಸುಮ್ನಿರಿ ಅತ್ತೆ, ಕೇಳಿಸ್ಕೋತಾನೆ."

"ಕಣ್ಣು ನೆತ್ತಿ ಮೇಲಿರೋನಿಗೆ ಕಿವಿ ಎಲ್ಲಿರುತ್ತೋ ಏನೋ."

ಅವರ ದುಡ್ಡಿಗೆ ಸಿಗುವಂಥವು ಎರಡೇ ಇದ್ದವು. ಮೊದಲನೆಯದು ಚಿಕ್ಕ ಕೆಂಪು ಕಾರು. ಗಂಡ ಬಾನೆಟ್ ಎತ್ತಿ ನೋಡಿದ, ಸ್ಟಾರ್ಟ್ ಮಾಡಿ ಕಿವಿಗೊಟ್ಟ, ಕೆಳಗೆ ತೂರಿ ಬಂದ. "ಎಂಜಿನ್ ಗಟ್ಟಿ ಇದೆ ಕಣೇ. ಹೆಚ್ಚು ಕುಡಿಯೋದೂ ಇಲ್ಲ. ಬಿಡಿಭಾಗ ಎಲ್ಲಾದ್ರೂ ಸಿಗುತ್ತೆ." ಅವಳು ಹಿಂಬಾಗಿಲು ತೆಗೆದು ಟೇಪು ಹಿಡಿದಳು. ಆಳ ಇಪ್ಪತ್ತನಾಲ್ಕು, ಎತ್ತರ ಹತ್ತೊಂಬತ್ತು. ಸ್ಟ್ಯಾಂಡು ನಿಲ್ಲಿಸಿದರೂ ಹಿಡಿಸದು, ಮಲಗಿಸಿದರೂ ಹಿಡಿಸದು. ಬಟ್ಟೆಯಾದರೆ ಎಳೆದು ಕೂರಿಸಬಹುದು. ಕಬ್ಬಿಣ ಅವಳ ಮಾತು ಕೇಳುವುದಿಲ್ಲ.

ಎರಡನೆಯದು ಬೂದು ಬಣ್ಣದ್ದು, ಬೆನ್ನು ಉದ್ದನೆಯದು. ಮಗಳು ಆಗಲೇ ಕಿಟಕಿಗೆ ಮೂಗು ಒತ್ತಿ, "ಇದ್ರಲ್ಲಿ ಮಲಗಬಹುದಮ್ಮಾ!" ಎಂದಳು. ಬೆಲೆಯೂ ಕೆಂಪಿನದಕ್ಕಿಂತ ಕಡಿಮೆ. ಹೊಲಿಗೆಯಕ್ಕನಿಗೆ ಎದೆ ಹಗುರಾಯಿತು. ಹಿಂದೆ ಸುತ್ತಿ ಹೋಗುತ್ತ ಯಜಮಾನನನ್ನು ಕೇಳಿದಳು:

"ಡಿಕ್ಕಿ ದೊಡ್ಡದಾ?"

ನೆತ್ತಿಗಣ್ಣನ ಮುಖದ ಬಣ್ಣ ಇಳಿಯಿತು. "ಯಾರು ಹೇಳಿದ್ರು ನಿಮ್ಗೆ?"

"ಯಾರು ಯಾಕೆ ಹೇಳ್ಬೇಕು? ನೋಡಿದ್ರೆ ಗೊತ್ತಾಗುತ್ತಲ್ಲ."

"ಗೊತ್ತಾಗೋ ಹಾಗೆಲ್ಲ ಬಿಟ್ಟಿಲ್ಲ ಅಕ್ಕಾ." ಅವನು ದನಿ ತಗ್ಗಿಸಿದ. "ಅಂಥ ದೊಡ್ಡದೇನಲ್ಲ. ಹಿಂದಿನಿಂದ ಒಂದು ಲಾರಿ ತಾಗಿತ್ತು, ಅಷ್ಟೇ. ಎಲ್ಲಾ ಸರಿ ಮಾಡ್ಸಿದೀನಿ."

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಕ್ಕರು. "ಅಯ್ಯೋ ನಿನ್ನ! ಅವಳು ಸಾಮಾನು ಇಡೋ ಡಿಕ್ಕಿ ಕೇಳಿದ್ರೆ, ನೀನು ಲಾರಿ ಹೊಡೆದ ಡಿಕ್ಕಿ ಹೇಳ್ತೀಯಲ್ಲೋ!"

ಹೊಲಿಗೆಯಕ್ಕ ನಗಲಿಲ್ಲ. ಹಿಂಬಾಗಿಲು ತೆಗೆದು ಅಳೆದಳು. ಸ್ಟ್ಯಾಂಡು ಹಿಡಿಸುತ್ತಿತ್ತು, ಪಕ್ಕದಲ್ಲಿ ಬಟ್ಟೆಯ ಗಂಟಿಗೂ ಜಾಗ ಉಳಿಯುತ್ತಿತ್ತು. ಬಳಿಕ ನೆಲಕ್ಕೆ ಹಾಸಿದ್ದ ಚಾಪೆಯನ್ನು ಮೂಲೆಯಿಂದ ಎತ್ತಿ, ಹಿಂದಿನ ಸೀಟಿನ ಅಡಿಯವರೆಗೆ ಬೆರಳು ಓಡಿಸಿದಳು. ಬಣ್ಣದ ಕೆಳಗೆ ಒಂದು ಉಬ್ಬು ಗೆರೆ ಆ ಬದಿಯಿಂದ ಈ ಬದಿಗೆ ಅಡ್ಡಕ್ಕೆ ಹೋಗಿತ್ತು. ಗೆರೆಯ ಆಚೆ, ಸಂದಿಯೊಳಗೆ ಬೂದು ಬಣ್ಣ. ಈಚೆ ಬಿಳಿ.

ಅವಳು ಚಾಪೆಯನ್ನು ಪೂರ್ತಿ ಮಡಚಿ ಆಚೆ ಹಾಕಿದಳು.

"ಇದು ಒಂದೇ ಥಾನಿನ ಬಟ್ಟೆ ಅಲ್ಲ ಕಣ್ರೀ," ಎಂದಳು ಗಂಡನಿಗೆ. "ಎರಡು ಕಾರು ಕತ್ತರಿಸಿ ಜೋಡಿಸಿದಾರೆ. ಇಲ್ಲಿ ನೋಡಿ ಹೊಲಿಗೆ. ಮುಂದಿನ ಅರ್ಧ ಒಂದರದ್ದು, ಹಿಂದಿನ ಅರ್ಧ ಇನ್ನೊಂದರದ್ದು."

ಗಂಡ ಬಗ್ಗಿ ನೋಡಿದ. ಹೊಲಿಗೆ ಸರಿಯಾಗಿ ಹಿಂದಿನ ಸೀಟಿನ ಕೆಳಗಿತ್ತು, ಅತ್ತೆ ಮತ್ತು ಮಗಳು ಕೂರುವಲ್ಲಿ.

ಆಗಲೇ ಫೋನು ಹೊಡೆದುಕೊಂಡಿತು. ಬೀದಿಯ ಕ್ಷೌರದಂಗಡಿಯ ತಾತ. ಉಬ್ಬಸದ ಮನುಷ್ಯ, ಎರಡು ಮಾತಿಗೊಮ್ಮೆ ಉಸಿರು ಹುಡುಕುತ್ತಾನೆ. "ಹೊಲಿಗೆಯಕ್ಕಾ... ಬಂದುಬಿಟ್ರು. ಮನೆ ಕೆಡವೋ ಹಳದಿ ಯಂತ್ರ ಇಳಿಸ್ತಿದಾರೆ... ಆಚೆ ತುದಿಯಿಂದ. ಬೇಗ ಬಾ ತಾಯಿ."

ಗಂಡನ ಕಣ್ಣು ಬೂದು ಕಾರಿನ ಮೇಲೆಯೇ ಇತ್ತು. "ಒಂದೇ ಟ್ರಿಪ್ಪು ಕಣೇ. ನಿಧಾನಕ್ಕೆ ಓಡಿಸ್ತೀನಿ. ಸ್ಟ್ಯಾಂಡು ಬಿಟ್ರೆ ನಾಳೆ ಏನು ತಿನ್ನೋದು?"

"ಬೆಸುಗೆ ಗಟ್ಟಿ ಇದೆ ಅಕ್ಕಾ, ನನ್ನ ಮಾತು ನಂಬಿ," ಎಂದ ನೆತ್ತಿಗಣ್ಣ.

"ಹಾಗಾದ್ರೆ ನಿನ್ನ ಮಗೂನ ಅದ್ರ ಮೇಲೆ ಕೂರಿಸಿ ಓಡಿಸಿಕೊಂಡು ಹೋಗು," ಎಂದರು ಅತ್ತೆ. ಈ ಸಲ ಅವರ ದನಿಯಲ್ಲಿ ನಗು ಇರಲಿಲ್ಲ.

ಹೊಲಿಗೆಯಕ್ಕ ಕಣ್ಣು ಮುಚ್ಚಿದಳು. ಒಂದು ಕಡೆ ಪುಡಿಯಾದ ಸ್ಟ್ಯಾಂಡು. ಇನ್ನೊಂದು ಕಡೆ ನಡುರಸ್ತೆಯಲ್ಲಿ ಬಾಯಿ ಬಿಡುವ ಹೊಲಿಗೆ, ಅದರ ಮೇಲೆ ಮಗಳು. ಬಡವರಿಗೆ ಆರಿಸಿಕೊಳ್ಳಿ ಎಂದು ಈ ಲೋಕ ಮುಂದಿಡುವುದೆಲ್ಲ ಇಂಥವೇ. ಆರಿಸಿದ ಮೇಲೆ, ನೀವೇ ಆರಿಸಿದ್ದಲ್ಲವೇ ಎಂದು ಕೇಳುವುದಕ್ಕೂ ಅದಕ್ಕೆ ನಾಚಿಕೆಯಿಲ್ಲ.

"ಕೆಂಪಿನದು," ಎಂದಳು.

ಮನೆ ಮುಟ್ಟುವಷ್ಟರಲ್ಲಿ ಆಚೆ ತುದಿಯಲ್ಲಿ ಧೂಳು ಮೇಲೇರಿತ್ತು. ಗೋಡೆ ಬೀಳುವ ಸದ್ದಿಗಿಂತ, ಒಂದು ಬಿದ್ದು ಇನ್ನೊಂದು ಬೀಳುವವರೆಗಿನ ಮೌನವೇ ಅವಳನ್ನು ಹೆಚ್ಚು ಹೆದರಿಸಿತು. ಯಂತ್ರದ ತಲೆ, ಬಟ್ಟೆಯ ಗಂಟು, ಇಸ್ತ್ರಿಪೆಟ್ಟಿಗೆ, ಅತ್ತೆಯ ಔಷಧಿ, ಮಗಳ ಶಾಲೆಯ ಚೀಲ, ಪಾತ್ರೆ. ಚಿಕ್ಕ ಡಿಕ್ಕಿ ಕತ್ತಿನವರೆಗೆ ತುಂಬಿತು, ಹಿಡಿಸದ್ದು ಹಿಂದಿನ ಸೀಟಿನಲ್ಲಿ ಅತ್ತೆ, ಮಗಳ ಪಕ್ಕದ ಜಾಗವನ್ನೂ ನುಂಗಿತು. ಸ್ಟ್ಯಾಂಡನ್ನು ಗಂಡ ಹೊರಗೆಳೆದು ಬಾಗಿಲ ಮುಂದೆ ನಿಲ್ಲಿಸಿದ. "ನಿಮ್ಮನ್ನೆಲ್ಲ ಧೂಳಿಲ್ಲದ ಕಡೆ ಇಳಿಸಿ ಬರ್ತೀನಿ. ಎರಡನೇ ಟ್ರಿಪ್ಪಿಗೆ ಕಾರಿನ ತಲೆ ಮೇಲೆ ಕಟ್ಟೋಣ. ಕಾರು ಹತ್ತು, ಹತ್ತು."

ಅವಳು ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಳ್ಳುವಾಗ ಕಿಟಕಿಯ ಹೊರಗೆ ಕ್ಷೌರದಂಗಡಿಯ ತಾತ ಬಂದು ನಿಂತ. ಬಾಯಿಗೆ ಟವಲು ಒತ್ತಿಕೊಂಡಿದ್ದ, ಕಂಕುಳಲ್ಲಿ ಕತ್ತರಿ ಬಾಚಣಿಗೆಗಳ ಪೆಟ್ಟಿಗೆ.

"ಪೆಟ್ಟಿಗೆಗೆ ಜಾಗ ಇದ್ರೆ ಸಾಕವ್ವಾ. ನಾನು... ನಡ್ಕೊಂಡು ಬರ್ತೀನಿ."

ತುಟಿ ನೀಲಿಗಟ್ಟಿತ್ತು. ಧೂಳು ಇನ್ನೂ ಇಲ್ಲಿಗೆ ಬಂದಿರಲಿಲ್ಲ, ಬರುತ್ತಿತ್ತು. ಅವನು ಎಷ್ಟು ದೂರ ನಡೆದಾನು ಎಂಬುದನ್ನು ಅಳೆಯಲು ಟೇಪು ಬೇಕಿರಲಿಲ್ಲ. ಅವಳ ಕೈ ಬಾಗಿಲ ಹಿಡಿಯ ಮೇಲೆ ಗಟ್ಟಿಯಾಗಿ ಕೂತಿತ್ತು. ಇಳಿಯಬೇಡ ಎಂದು ಮೈಯ ಒಂದೊಂದು ನರವೂ ಹೇಳುತ್ತಿತ್ತು. ಅವಳು ಇಳಿದಳು.

"ಕೂತ್ಕೋ ತಾತ."

"ಏನೇ ಮಾಡ್ತಿದೀಯಾ?" ಎಂದು ಗಂಡ ಕೂಗಿದ.

"ಎರಡನೇ ಟ್ರಿಪ್ಪಿಗೆ ಬರ್ತೀನಿ. ಹೊರಡ್ರೀ!"

ಅತ್ತೆ ಕಿಟಕಿಯಿಂದ ಕೈ ಚಾಚಿ ಅವಳ ಮಣಿಕಟ್ಟು ಹಿಡಿದರು. ಕಾರು ಹೊರಟಿತು. ಮಗಳ ಮುಖ ಹಿಂದಿನ ಗಾಜಿನಲ್ಲಿ ಚಿಕ್ಕದಾಗುತ್ತ ಹೋಯಿತು.

ಕಾರು ತಿರುವು ದಾಟಿದ ಕೂಡಲೇ ಬೀದಿಯ ಬಾಯಿಗೆ ಲಾಠಿ ಹಿಡಿದ ಇಬ್ಬರು ಕಬ್ಬಿಣದ ತಡೆಯೊಂದನ್ನು ಅಡ್ಡ ಎಳೆದರು.

"ನನ್ನ ಗಂಡ ವಾಪಸ್ ಬರ್ತಾರೆ," ಎಂದು ಅವಳು ಓಡಿದಳು. "ಕೆಂಪು ಕಾರು. ಒಳಗೆ ಬಿಡ್ಬೇಕು."

"ಹೊರಗೆ ಹೋಗೋದು ಮಾತ್ರ," ಎಂದ ಒಬ್ಬ, ಅವಳತ್ತ ನೋಡದೆಯೇ. "ಇನ್ಮೇಲೆ ಒಳಗೆ ಯಾವ ಗಾಡಿಯೂ ಇಲ್ಲ. ನೀನೂ ಹೊರಡು."

ನಡೆದು ಹೋಗಬಹುದಿತ್ತು. ಬರಿಗೈಯಲ್ಲಿ, ಹೋದ ಸಲದಂತೆ. ಅವಳು ತಿರುಗಿ ನೋಡಿದಳು. ಬಾಗಿಲುಗಳ ಮುಂದೆ ಹೆಂಗಸರು ಗಂಟುಗಳ ಮೇಲೆ ಕೂತಿದ್ದರು, ಯಾರಿಗೂ ಮೊದಲನೇ ಟ್ರಿಪ್ಪೂ ಇರಲಿಲ್ಲ. ಮೂರು ಮನೆಯಾಚೆಗಿನ ಗೋಡೆ ಒಮ್ಮೆ ನಡುಗಿ, ಮಂಡಿಯೂರಿ ಕೂತಂತೆ ಕುಸಿಯಿತು.

ಅವಳು ಸ್ಟ್ಯಾಂಡನ್ನು ಎಳೆದಳು. ಕಬ್ಬಿಣ ಕಲ್ಲಿಗೆ ಉಜ್ಜಿ ಕಿರುಚಿತು. ಪಕ್ಕದ ಮನೆಯ ಬಾಣಂತಿ ಮಗುವನ್ನು ತನ್ನ ತಾಯಿಯ ಕೈಗೆ ಕೊಟ್ಟು ಇನ್ನೊಂದು ತುದಿ ಹಿಡಿದಳು.

"ಎಲ್ಲಿಗೆ ಅಕ್ಕಾ, ಆ ತಡೆಯ ಹತ್ರಕ್ಕಾ?"

ಹೊಲಿಗೆಯಕ್ಕ ಅಲ್ಲವೆಂದು ತಲೆಯಾಡಿಸಿದಳು. ಕೈ ತೋರಿಸಿದಳು, ಹಳದಿ ಯಂತ್ರದ ಕಡೆಗೆ. ಅವರಿಬ್ಬರೂ ಸ್ಟ್ಯಾಂಡನ್ನು ಬೀದಿಯ ನಡುಮಧ್ಯಕ್ಕೆ ಹೊತ್ತು ತಂದು ಅಡ್ಡ ಇಟ್ಟರು. ಆಮೇಲೆ ಯಾರೋ ಒಂದು ಮಂಚ ತಂದರು, ಯಾರೋ ಒಂದು ಬೆಂಚು. ಹಳದಿ ಯಂತ್ರದ ಹಲ್ಲುಗಳು ಗಾಳಿಯಲ್ಲಿ ನಿಂತವು, ಅದರ ಎಂಜಿನ್ ಮಾತ್ರ ನಿಲ್ಲಲಿಲ್ಲ. ಚಾಲಕ ಗಾಜಿನ ಹಿಂದೆ ಫೋನಿನಲ್ಲಿ ಯಾರನ್ನೋ ಏನೋ ಕೇಳುತ್ತಿದ್ದ.

ಉತ್ತರ ಬರುವವರೆಗೆ ಅವಳು ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.