ಚಿನ್ನವ್ವನ ಆಷಾಢ

ದೇವಿಕೊಪ್ಪದಲ್ಲಿ ಜಂಪರು ಹೊಲಿಯುವ ರಾಜೇಶ್ವರಿಗೆ ಆ ಮರಗಪ್ಪೆ ಯಾವಾಗ ಗಂಟುಬಿತ್ತೋ ಅವಳಿಗೇ ನೆನಪಿಲ್ಲ. ಬಚ್ಚಲಮನೆಯ ಗೋಡೆಗೆ ಅಂಟಿಕೊಂಡಿದ್ದದ್ದು ಬೇಸಿಗೆಯಲ್ಲಿ ತಾನಾಗಿಯೇ ಪಡಸಾಲೆಗೆ ಬಡ್ತಿ ಪಡೆದು, ಹೊಲಿಗೆ ಮಿಷನ್ನಿನ ಕೆಳಗೆ ಠಿಕಾಣಿ ಹೂಡಿತ್ತು. ಅಳತೆ ಕೊಡಲು ಬಂದ ಹೆಂಗಸರು ಮೊದಮೊದಲು ಹೌಹಾರಿದರೂ, ಆಮೇಲೆ "ನಿಮ್ಮ ಕಪ್ಪಿ ಆರಾಮ ಐತೇನ?" ಎಂದು ವಿಚಾರಿಸಿಯೇ ಕೂಡುತ್ತಿದ್ದರು. ದೀಪದ ಬೆಳಕಿಗೆ ಮೈ ಬಂಗಾರದ ಹಾಗೆ ಕಾಣುತ್ತದೆಂದು ರಾಜೇಶ್ವರಿ ಅದಕ್ಕೆ ಚಿನ್ನವ್ವ ಎಂದು ಹೆಸರಿಟ್ಟಿದ್ದಳು.

ಒಂದು ಮುಂಜಾನೆ ಅವಸರದಲ್ಲಿ ಪೆಡಲ್ ತುಳಿದವಳಿಗೆ ಕಾಲಡಿ ಏನೋ ಮೆತ್ತಗೆ ಸಿಕ್ಕಂತಾಯಿತು. ಬಗ್ಗಿ ನೋಡಿದರೆ ಚಿನ್ನವ್ವನ ಹಿಂಗಾಲು ಸಂದಿಯಲ್ಲಿ ಸಿಕ್ಕಿಬಿದ್ದಿತ್ತು. ಬಿಡಿಸಿದಾಗ ಆ ಕಾಲು ಜೋತುಬಿದ್ದದ್ದನ್ನು ಕಂಡು ಅವಳಿಗೆ ಅಳುವೇ ಬಂತು. ಸ್ಟೀಲಿನ ಡಬ್ಬಿಯಲ್ಲಿ ಒದ್ದೆ ಅರಿವೆ ಹಾಸಿ, ಕಪ್ಪೆಯನ್ನು ಕೂಡಿಸಿಕೊಂಡು, ಬಸ್ಸು ಹತ್ತಿ ಕಲಘಟಗಿಯ ದನದ ಡಾಕ್ಟರ ಮುಂದೆ ನಿಂತಳು.

"ನಾ ಎತ್ತಿನ ಕಾಲ ನೋಡೇನಿ, ಎಮ್ಮಿ ಕಾಲ ನೋಡೇನಿ. ಕಪ್ಪಿ ಕಾಲ ಇದ ಮೊದಲ," ಎಂದು ಡಾಕ್ಟರು ನಕ್ಕರು. ಆದರೂ ಮನುಷ್ಯ ಒಳ್ಳೆಯವನು. ಯಾರಿಗೋ ಫೋನ್ ಹಚ್ಚಿ ಕೇಳಿ ಹೇಳಿದರು: "ಏನೂ ಹಚ್ಚಬ್ಯಾಡ್ರಿ, ಏನೂ ಕಟ್ಟಬ್ಯಾಡ್ರಿ. ಇದು ನೀರು ಕುಡಿಯೂದ ಚರ್ಮದಿಂದ. ಬ್ಲೀಚಿಂಗ್ ಪೌಡರ್ ಹಾಕಿದ ನಳದ ನೀರು ನಡಿಯೂದಿಲ್ಲ, ಬಾವಿ ನೀರು ಹಾಕ್ರಿ. ಕಾಲು ಮಾಯೂ ತನಕಾ ಜಿಗಿಯಾಕ ಬಿಡಬ್ಯಾಡ್ರಿ. ಜಿಗೀತಂದ್ರ ಆ ಕಾಲಿನ ಆಶಾ ಬಿಟ್ಟಬಿಡ್ರಿ."

ಮನೆಗೆ ಬಂದರೆ ತಾಯಿ ಶಿವಗಂಗವ್ವ ಅರಿಷಿಣ ಕಲಸಿಟ್ಟುಕೊಂಡು ಕಾಯುತ್ತಿದ್ದಳು. ಮಗಳು ಕೈ ಹಿಡಿದು ತಡೆದದ್ದಕ್ಕೆ ಮುದುಕಿಗೆ ಸಿಟ್ಟು ಬಂತು. "ನನ್ನ ಮೊಣಕಾಲು ಹಿಡದು ವರ್ಷಾತು. ಒಂದಿನ ಬಸ್ ಹತ್ತಿಸಿದ್ಯೇನ ನನ್ನ?" ಎಂದು ಗೊಣಗಿದಳು. ಆದರೆ ಸಂಜೆ ಬಲ್ಬಿನ ಕೆಳಗೆ ನಿಂತು ಸೆರಗಿನಲ್ಲಿ ದೀಪದ ಹುಳ ಹಿಡಿದು ಡಬ್ಬಿಗೆ ಹಾಕುತ್ತಿದ್ದವಳೂ ಅವಳೇ. ಬಯ್ಯುತ್ತಲೇ ಹಾಕುತ್ತಿದ್ದಳು.

ಆ ವರ್ಷ ಮಳೆ ತಡವಾಯಿತು. ಕಪ್ಪೆ ಲಗ್ನ ಮಾಡಿ ಜೋಡಿಯನ್ನು ಕೆರೆಗೆ ಬಿಡಬೇಕೆಂದು ಊರು ನಿಶ್ಚಯಿಸಿತು. ಕೆರೆಯ ಕೆಸರಿನಲ್ಲಿ ದಪ್ಪನೆಯ ಗಂಡು ಸಿಕ್ಕಿತು. ಹೆಣ್ಣು ಎಲ್ಲಿ ಹುಡುಕಿದರೂ ಸಿಗಲಿಲ್ಲ. ಆಗ ಯಾರೋ ಚಿನ್ನವ್ವನ ಸುದ್ದಿ ಬಾಯಿಬಿಟ್ಟರು, ಮರುದಿನವೇ ಊರ ಹಿರಿಯ ಹೊಳಬಸಪ್ಪ ಜನ ಕಟ್ಟಿಕೊಂಡು ರಾಜೇಶ್ವರಿಯ ಕಟ್ಟೆಗೆ ಬಂದು ಕೂತ.

ಈ ಹೊಳಬಸಪ್ಪನದೂ ರಾಜೇಶ್ವರಿಯದೂ ಹಳೆಯ ಲೆಕ್ಕ. ಅವಳ ಲಗ್ನ ಕೂಡಿಸಿದವನು ಅವನೇ. ಹೊಸ ಮದುಮಗಳಾಗಿ ಆಷಾಢಕ್ಕೆ ತವರಿಗೆ ಬಂದವಳು ಶ್ರಾವಣದಲ್ಲಿ ಕರೆಯಲು ಬಂದ ಗಂಡನ ಕಡೆಯವರೊಂದಿಗೆ ಹೋಗಲೇ ಇಲ್ಲ. ಆ ಮನೆಯಲ್ಲಿ ಕಂಡದ್ದೇ ಸಾಕಾಗಿತ್ತು ಅವಳಿಗೆ. ಅವತ್ತು ಅವಳನ್ನು ಒಂದು ಮಾತೂ ಕೇಳದೆ ಅವಳ ಟ್ರಂಕು ತಂದು ಇದೇ ಕಟ್ಟೆಯ ಮೇಲೆ ಹೊರಗಿಟ್ಟಿದ್ದ ಹೊಳಬಸಪ್ಪನಿಗೆ ಭಾರೀ ಮುಖಭಂಗವಾಯಿತು. ರಾಜೇಶ್ವರಿಯ ಆಷಾಢ ಇನ್ನೂ ಮುಗಿದಿಲ್ಲ ಎಂದು ಊರು ಇವತ್ತಿಗೂ ಆಡಿಕೊಳ್ಳುತ್ತದೆ.

"ಕಾಲು ನೆಟ್ಟಗಿಲ್ಲ ಕಾಕಾ. ಕೆರ್ಯಾಗ ಬಿಟ್ರ ಕೊಕ್ಕರಿ ಬಾಯಿಗೆ ಹೋಗತೈತಿ," ಎಂದಳು ರಾಜೇಶ್ವರಿ.

"ಊರಿಗೆ ಮಳಿ ಬ್ಯಾಡೇನವ್ವ?"

ಕೊಡುವುದಿಲ್ಲ ಎಂದರೆ ಮಳೆ ತಡೆದವಳು ಎಂಬ ಹೆಸರು ಬರುತ್ತದೆ. ಇದ್ದ ಗಿರಾಕಿಗಳೆಲ್ಲ ಈ ಊರಿನವರೇ. ಕೊಟ್ಟರೆ ಚಿನ್ನವ್ವ ಉಳಿಯುವುದಿಲ್ಲ. ರಾಜೇಶ್ವರಿ ಗೋಡೆಯ ಕ್ಯಾಲೆಂಡರ್ ಕಡೆ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಮುಖ ಅರಳಿತು.

"ಆತ್ರಿ ಕಾಕಾ. ಆದ್ರ ನಾವು ಹೆಣ್ಣಿನ ಕಡಿಯವ್ರು. ಎಲ್ಲಾ ಪದ್ಧತಿ ಪ್ರಕಾರನ ಆಗಬೇಕು."

"ಪದ್ಧತಿ ಬಿಟ್ಟು ಈ ಹೊಳಬಸಪ್ಪ ಯಾವ ಲಗ್ನ ಮಾಡ್ಯಾನ? ಕಡೀ ತನಕಾ ಪದ್ಧತಿ ಪ್ರಕಾರನ," ಎಂದು ಅವನು ಎಲ್ಲರೆದುರು ಎದೆ ತಟ್ಟಿಕೊಂಡ.

ಮಣ್ಣೆತ್ತಿನ ಅಮವಾಸ್ಯೆಯ ಹಿಂದಿನ ದಿನ ಗುಡಿಯ ಮುಂದೆ ಲಗ್ನ. ಮಹಬೂಬಸಾಬನ ಬ್ಯಾಂಡು ಬಾರಿಸಿತು. ಮದುಮಗ ಬಕೆಟ್ಟಿನಲ್ಲಿ ಬಂದ, ಮದುಮಗಳು ಡಬ್ಬಿಯಲ್ಲಿ ಬಂದಳು. ಅರಿಷಿಣ ಡಬ್ಬಿಗಷ್ಟೇ ಹಚ್ಚಬೇಕೆಂದು ಶಿವಗಂಗವ್ವ ಪಟ್ಟುಹಿಡಿದಳು, ಡಾಕ್ಟರ ಮಾತು ಮೊದಲಿನಿಂದಲೂ ತನ್ನದೇ ಎಂಬಂತೆ. ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಮದುಮಗ ಹೊಳಬಸಪ್ಪನ ಅಂಗೈಯಲ್ಲಿ ಉಚ್ಚೆ ಹೊಯ್ದ. ಹಿರಿಯನಾದವನು ಕೈ ಕೊಡವುವಂತಿಲ್ಲ, ಲಗ್ನ ಮುಗಿಯುವವರೆಗೆ ಹಾಗೇ ಹಿಡಿದು ನಿಂತಿದ್ದ. ನಗು ತಡೆಯಲಾರದೆ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು.

ಮೆರವಣಿಗೆ ಕೆರೆಯತ್ತ ಹೊರಡಬೇಕು. ರಾಜೇಶ್ವರಿ ಡಬ್ಬಿಯನ್ನು ಎದೆಗೆ ಅವಚಿಕೊಂಡಳು.

"ಕಾಕಾ, ಅಮಾಸಿ ಮುಗದ್ರ ಯಾವ ಮಾಸ ಹತ್ತತೈತ್ರಿ?"

"ಆಷಾಢ," ಎಂದ ಹೊಳಬಸಪ್ಪ. ಅಂದ ಮೇಲೆ ಅವನ ಮುಖ ಇಳಿಯಿತು.

"ಆಷಾಢದಾಗ ಹೊಸಾ ಸೊಸಿನ್ನ ಗಂಡನ ಮನ್ಯಾಗ ಇಟಗೊಂಡವ್ರು ನಮ್ಮೂರಾಗ ಯಾರರ ಅದಾರೇನ್ರಿ?"

ಒಬ್ಬ ಮುದುಕಿ "ಹುಡುಗಿ ಹೇಳೂದು ಖರೇನ ಐತಿ" ಎಂದಳು. ಉಳಿದ ಹೆಂಗಸರೂ ದನಿಗೂಡಿಸಿದರು. ಪದ್ಧತಿ ತಪ್ಪಿ ಮಳೆ ಹೋದರೆ ಯಾರು ಹೊಣೆ ಎಂದು ಗಂಡಸರೂ ಹೊಳಬಸಪ್ಪನ ಮುಖ ನೋಡಿದರು. ತಾನೇ ಆಡಿದ ಮಾತು, ನುಂಗುವ ಹಾಗಿಲ್ಲ.

"ನಾಗರ ಅಮಾಸಿ ಮುಗದ ಮ್ಯಾಲೆ ಕರಿಯಾಕ ಬರ್ರಿ. ಉಡಿ ತುಂಬಿ ಕಳಸ್ತೇವಿ," ಎಂದಳು ಶಿವಗಂಗವ್ವ, ಬೀಗಿತ್ತಿಯ ಗತ್ತಿನಲ್ಲಿ. ಮದುಮಗ ಒಬ್ಬನೇ ಕೆರೆಗೆ ಹೋದ.

ಮಳೆ ಬಂತು. ತಾನು ಪದ್ಧತಿ ಬಿಡದೆ ಇದ್ದದ್ದಕ್ಕೇ ಬಂತೆಂದು ಹೊಳಬಸಪ್ಪ ಹೇಳಿಕೊಂಡು ತಿರುಗಿದ. ಇತ್ತ ಹೆಂಗಸರು ತವರಿಗೆ ಬಂದ ಮದುಮಗಳನ್ನು ಮಾತಾಡಿಸುವ ನೆಪದಲ್ಲಿ ಕಡ್ಡಿಪೆಟ್ಟಿಗೆಯಲ್ಲಿ ಹುಳ ಹಿಡಿದು ತಂದರು, ಹಾಗೇ ಜಂಪರಿನ ಅಳತೆಯನ್ನೂ ಕೊಟ್ಟು ಹೋದರು. ರಾಜೇಶ್ವರಿ ದಿನಾ ಅರಿವೆ ಬದಲಿಸಿ ಬಾವಿ ನೀರು ಚಿಮುಕಿಸುತ್ತಿದ್ದಳು. ಒಂದು ದಿನ ಆ ಜೋತುಬಿದ್ದ ಕಾಲಿನ ಬೆರಳುಗಳು ಡಬ್ಬಿಯ ಗೋಡೆಯನ್ನು ಮೆಲ್ಲಗೆ ಹಿಡಿದುಕೊಂಡವು. ಅವಳು ತಾಯಿಯನ್ನು ಕೂಗಿ ಕರೆದು ತೋರಿಸಿದಳು.

ಶ್ರಾವಣ ಹತ್ತಿತು. ಹೊಳಬಸಪ್ಪ ಮಾತಿಗೆ ತಪ್ಪಲಿಲ್ಲ. ತಾಟಿನಲ್ಲಿ ತೆಂಗಿನಕಾಯಿ, ಗುಳೇದಗುಡ್ಡದ ಜಂಪರಿನ ಖಣ ಇಟ್ಟುಕೊಂಡು, ರುಮಾಲು ಸುತ್ತಿಕೊಂಡು, ನಾಲ್ಕು ಜನರೊಡನೆ ಬಂದೇಬಿಟ್ಟ. ಅದೇ ಕಟ್ಟೆ, ಅದೇ ಮನುಷ್ಯ. ರಾಜೇಶ್ವರಿಗೆ ಹೊರಗಿಟ್ಟ ಟ್ರಂಕು ನೆನಪಾಯಿತು.

"ತಾರವ್ವ ಡಬ್ಬಿ," ಎಂದ.

"ಮೊದಲ ಆಕಿನ್ನ ಕೇಳೂಣು ಕಾಕಾ."

"ಕಪ್ಪಿನ್ನ ಏನ ಕೇಳ್ತಿ?"

"ನನ್ನೂ ಯಾರೂ ಕೇಳಿರಲಿಲ್ಲ," ಎಂದಳು ರಾಜೇಶ್ವರಿ. ದನಿ ಏರಿಸಲಿಲ್ಲ.

ಹೊಳಬಸಪ್ಪ ತಾಟು ಹಿಡಿದ ಕೈಯನ್ನು ಕೆಳಗಿಳಿಸಿದ. ಅವಳು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಮುಚ್ಚಳ ತೆಗೆದಳು. ಚಿನ್ನವ್ವ ಅಂಚಿಗೆ ಬಂದು ಕೂತಳು. ಗಂಟಲು ಮಿಡಿಯುತ್ತಿತ್ತು. ಜಿಗಿಯುತ್ತಾಳೋ, ಕುಂಟುತ್ತಾಳೋ ಎಂದು ರಾಜೇಶ್ವರಿ ಆ ಹಿಂಗಾಲನ್ನೇ ನೋಡಿದಳು.

ಜಿಗಿದಳು. ನೇರವಾಗಿ ಹೊಳಬಸಪ್ಪನ ರುಮಾಲಿನ ಮೇಲೆ. ಅಲ್ಲಿ ತುಸು ದಣಿವಾರಿಸಿಕೊಂಡು, ಎರಡೂ ಕಾಲು ಚಾಚಿ ಅಂಗಳದ ನುಗ್ಗಿಗಿಡಕ್ಕೆ ಹಾರಿ, ಎಲೆಯಲ್ಲಿ ಮರೆಯಾದಳು.

ಹೊಳಬಸಪ್ಪ ರುಮಾಲು ಮುಟ್ಟಿಕೊಳ್ಳದೆ ಗಿಡದ ಕಡೆ ಬಹಳ ಹೊತ್ತು ನೋಡಿದ. ಆಮೇಲೆ ತಾಟಿನ ಕಾಯಿ, ಖಣ ಎತ್ತಿ ರಾಜೇಶ್ವರಿಯ ಕೈಗಿಟ್ಟ. "ತಂದದ್ದು ತಿರಗಿ ಒಯ್ಯಬಾರದು. ನಿನಗ ಇರಲವ್ವ," ಎಂದ. ಅವನಿಂದ ಅಷ್ಟು ಮಾತು ಬರಲು ಇಷ್ಟು ವರ್ಷ ಬೇಕಾಯಿತು. ರಾಜೇಶ್ವರಿಯ ಕಣ್ಣು ತುಂಬಿಬಂತು, ಖಣವನ್ನು ಮುಖಕ್ಕೆ ಒತ್ತಿಕೊಂಡಳು.

ಹೊಳಬಸಪ್ಪ ಕಟ್ಟೆ ಇಳಿದವನು ತಿರುಗಿ ನಿಂತ. "ಕೆರಿ ದಂಡ್ಯಾಗ ನಿಮ್ಮ ಅಳಿಯ ಕಾಯಾಕ ಹತ್ತ್ಯಾನ. ಅವಂಗ ಏನ ಹೇಳ್ಲಿ?"

"ಆಕಿ ಆಷಾಢ ಇನ್ನೂ ಮುಗದಿಲ್ಲಂತ ಹೇಳ್ರಿ ಕಾಕಾ," ಎಂದಳು ರಾಜೇಶ್ವರಿ.