ರೊಟ್ಟಿ ಪಂಚಮಿಯ ಮಂತ್ರಿಮಂಡಳ

ಬೆಟಗೇರಿಯ ಕಲ್ಪನಾಳಿಗೆ ಪ್ರಧಾನಿಯಾಗುವ ಹುಚ್ಚು ಹಿಡಿದು ಎಂಟು ದಿನವಾಗಿತ್ತು. ಗದಗಿನ ಕಾಲೇಜಿನ ಅಣಕು ಸಂಸತ್ತಿನಲ್ಲಿ ಅವಳ ಪಕ್ಷವೇ ದೊಡ್ಡದು. ಆದರೆ ಬಹುಮತಕ್ಕೆ ಏಳು ಜನ ಕಡಿಮೆ. ಯಾವ ಪಕ್ಷಕ್ಕೂ ಸೇರದ ಏಳು ಜನವೆಂದರೆ ದಿನಾ ಬಸ್ಸಿಗೆ ಬರುವವರು: ಮುಂಡರಗಿಯ ಮೌನೇಶನ ಗುಂಪು, ಶಿರಹಟ್ಟಿಯ ನಸ್ರೀನಳ ಗುಂಪು. ಎರಡೂ ಗುಂಪಿಗೆ ಬೇಕಾದದ್ದು ಸಾರಿಗೆ ಖಾತೆಯೊಂದೇ. ಬಸ್ಸಿನ ಬಾಗಿಲಿಗೆ ಜೋತುಬಿದ್ದು ಬರುವವರು ಮತ್ತೇನು ಕೇಳಿಯಾರು, ಪಾಪ!

"ಊಟದ ಬಿಡುವು ಮುಗಿಯೂದ್ರೊಳಗ ಮಂತ್ರಿಗಳ ಪಟ್ಟಿ ಕೊಡ್ರಿ. ಇಲ್ಲಾಂದ್ರ ರಾಷ್ಟ್ರಪತಿ ಆಳ್ವಿಕಿ, ಎಲ್ಲಾರೂ ಕ್ಲಾಸಿಗೆ ನಡೀರಿ," ಎಂದು ಸಂಸತ್ತು ನಡೆಸುವ ಸಿದ್ದಾರೂಢ ಸರ್ ಗುಡುಗಿ ಹೋದರು.

ಅವತ್ತು ರೊಟ್ಟಿ ಪಂಚಮಿ, ಮನೆಮನೆಯವರು ರೊಟ್ಟಿ ಬದಲಾಯಿಸಿಕೊಳ್ಳುವ, ನಾಗರ ಪಂಚಮಿಯ ಹಿಂದಿನ ದಿನ. ಎಲ್ಲರ ಬುತ್ತಿಯಲ್ಲೂ ಎಳ್ಳು ಹಚ್ಚಿದ ಗರಿಗರಿ ಕಟಕರೊಟ್ಟಿ, ನಾನಾ ತರದ ಪಲ್ಯ. ಆ ದಿನ ತಮ್ಮ ಮನೆಯ ರೊಟ್ಟಿಯನ್ನು ತಾವೇ ತಿನ್ನುವವರು ಯಾರಿದ್ದಾರೆ? ಜಗಳ ಆಡುತ್ತಲೇ ಹಂಚಿಕೊಂಡರು. ಮೌನೇಶನ ರೊಟ್ಟಿ ನಸ್ರೀನಳ ಕೈಯಲ್ಲಿ, ನಸ್ರೀನಳ ಬದನೆಕಾಯಿ ಪಲ್ಯ ಮೌನೇಶನ ಬಾಯಲ್ಲಿ. ನೋಡುತ್ತಿದ್ದ ಕಲ್ಪನಾಳಿಗೆ ಥಟ್ಟನೆ ಹೊಳೆಯಿತು.

"ಖಾತೇನೂ ಹಿಂಗ ಹಂಚೂಣು. ತನಗ ಬೇಕಾದ್ದು ಯಾರೂ ಇಟ್ಕೊಳ್ಳಂಗಿಲ್ಲ, ಮಂದಿಗೆ ಕೊಡೂದು."

"ಆತು. ಮೊದಲ ನೀ ಕೊಡು ನೋಡೂಣು," ಎಂದ ಮೌನೇಶ.

ಕಲ್ಪನಾ ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟಳು. ಹೊಟ್ಟೆ ಉರಿಯಿತು, ಸುಳ್ಳೇಕೆ? ನೀರು ಕುಡಿದು, "ಪ್ರಧಾನಿ ನಸ್ರೀನ," ಎಂದಳು.

ನಸ್ರೀನ ಕಣ್ಣರಳಿಸಿದಳು. ಇಷ್ಟು ಕೊಟ್ಟವಳ ಎದುರು ತಾನು ಹಟ ಹಿಡಿಯುವುದುಂಟೆ? "ಹಂಗಾರ ಸಾರಿಗೆ ಮೌನೇಶಗ," ಎಂದಳು.

ಮೌನೇಶ ಬಾಯಿ ಒರೆಸಿಕೊಂಡು, "ಕಲ್ಪನಾಗ ಜವಳಿ ಬರೀರಿ," ಎಂದ. ಯಾರೂ ಕೇಳದ ಖಾತೆ ಅದು.

ಮಧ್ಯಾಹ್ನ ಸದನ ಸೇರಿತು. ಎದುರು ಪಕ್ಷದ ಕಿರಣಕುಮಾರ ಎದ್ದವನೇ, "ಮಾನ್ಯ ಜವಳಿ ಮಂತ್ರಿಗಳು ಮಗ್ಗಾನರ ಕಂಡಾರೇನ್ರಿ?" ಎಂದು ಕಿಚಾಯಿಸಿದ. ಪ್ರಧಾನಿಯ ಭಾಷಣವನ್ನು ಬಾಯಿಪಾಠ ಮಾಡಿ ಬಂದಿದ್ದ ಕಲ್ಪನಾ ಅದನ್ನು ಬದಿಗಿಟ್ಟು ಎದ್ದಳು.

"ಕಂಡಾರೇನಂತ ಕೇಳ್ತೀರಲ್ರಿ! ಮುಂಜಾನಿ ಒಂದು ಮೊಳ ಸೀರಿ ನೇಯ್ದ ಬಂದೀನಿ. ನಮ್ಮವ್ವ ಮಗ್ಗದ ಕುಣ್ಯಾಗ ಕಾಲು ಇಳಿಬಿಟ್ಟು ಕುಂತ್ರ ಏಳೂದು ಸಂಜೀಕ. ನೀವು ಒಂದ ತಾಸು ಕುಂತು ತೋರಸ್ರಿ, ಆಮ್ಯಾಲೆ ಪ್ರಶ್ನಿ ಕೇಳ್ರಿ!"

ಸದನವೆಲ್ಲ ಮೇಜು ಬಡಿಯಿತು, ಕಿರಣಕುಮಾರನೂ ಬಡಿದ. ಕಲ್ಪನಾ ಇನ್ನೂ ಮಾತಾಡಿದಳು, ನೂಲಿನ ಬಗ್ಗೆ, ಬಣ್ಣದ ಬಗ್ಗೆ, ಅವ್ವನ ಬೆನ್ನುನೋವಿನ ಬಗ್ಗೆ. ಖುಷಿಯಿಂದ ಅವಳ ಮುಖ ಕೆಂಪಗಾಗಿತ್ತು. ಪ್ರಧಾನಿಯ ಕುರ್ಚಿ ಪಕ್ಕದಲ್ಲೇ ಇತ್ತು. ಅತ್ತ ನೋಡುವುದನ್ನೇ ಅವಳು ಮರೆತಿದ್ದಳು.