ಟೈಲರ್ ಅಂತ ಹಾಕೋಣ

ಶಿಡ್ಲಘಟ್ಟದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕದಿರಮ್ಮನ ವಿಮಾ ಏಜೆನ್ಸಿ ಇತ್ತು. ಲೈಸೆನ್ಸು ಅವಳ ಹೆಸರಿನಲ್ಲಿತ್ತು, ಆಫೀಸಿನ ಬರವಣಿಗೆ ತಮ್ಮ ಆವಲಪ್ಪನದು. ಅವಳು ಬೆಳಗಾದರೆ ರೇಷ್ಮೆ ನೂಲು ಬಿಚ್ಚುವ ಮನೆಗಳನ್ನು ಸುತ್ತುತ್ತಿದ್ದಳು. ಗಿರಾಕಿಗಳಲ್ಲಿ ಹೆಚ್ಚಿನವರು ಆ ಮನೆಗಳ ಹೆಂಗಸರೇ.

೧೯೯೬ರಲ್ಲಿ ಆವಲಪ್ಪನಿಗೆ ಕಂಪ್ಯೂಟರಿನ ಹುಚ್ಚು ಹಿಡಿಯಿತು. ಪ್ರಪೋಸಲ್ ಫಾರಂ ತುಂಬಿ ಇಂಗ್ಲಿಷಿನಲ್ಲಿ ಅಚ್ಚು ಮಾಡಿಕೊಡುವ ಸಾಫ್ಟ್‌ವೇರನ್ನು ಬೆಂಗಳೂರಿನ ಕಂಪನಿಯೊಂದು ಮಾರುತ್ತಿತ್ತು. ನೋಡೋಣವೆಂದು ಅದನ್ನು ಕಂಪ್ಯೂಟರಿನ ಸಮೇತ ತಿಂಗಳ ಮಟ್ಟಿಗೆ ತರಿಸಿಕೊಂಡಿದ್ದ. ಕೊಳ್ಳುವ ಮಾತಾಡಲು ಕಂಪನಿಯವನು ಬಂದ ದಿನ ಅಕ್ಕನೂ ಜೊತೆಗೆ ಕೂತಳು.

ಅದೇ ಹೊತ್ತಿಗೆ ಮುನಿಶಾಮಮ್ಮ ಪಾಲಿಸಿ ಮಾಡಿಸಲು ಬಂದಳು. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳು. ಬಿಸಿನೀರಿನಲ್ಲಿ ರೇಷ್ಮೆ ಗೂಡಿನ ಎಳೆ ಹುಡುಕಿ ಹುಡುಕಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಲಿದಿದ್ದವು.

"ಉದ್ಯೋಗ?" ಎಂದ ಕಂಪನಿಯವನು.

"ನೂಲು ಬಿಚ್ತೀನಿ ಸ್ವಾಮಿ."

ಅವನು ಪರದೆಯ ಮೇಲಿನ ಪಟ್ಟಿಯನ್ನು ಮೇಲೆ ಕೆಳಗೆ ಓಡಿಸಿದ. ಹೆಂಗಸರಿಗೆಂದು ಟೀಚರ್, ನರ್ಸ್, ಟೈಲರ್, ಗೃಹಿಣಿ ಇದ್ದವು. ನೂಲು ಬಿಚ್ಚುವವರು ಇರಲಿಲ್ಲ.

"ಗೃಹಿಣಿ ಅಂದ್ರೆ ಗಂಡನ ಪಾಲಿಸಿ ಕೇಳ್ತಾರೆ. ಟೈಲರ್ ಅಂತ ಹಾಕೋಣ ಬಿಡಿ."

"ಆಕೆ ಟೈಲರ್ ಅಲ್ಲ," ಎಂದಳು ಕದಿರಮ್ಮ.

"ಏನೋ ಒಂದು ಮೇಡಂ. ಫಾರಂ ಮುಂದಕ್ಕೆ ಹೋಗ್ಬೇಕಲ್ಲ."

"ನಾಳೆ ಈಕೆ ಸತ್ರೆ ವಿಚಾರಣೆಗೆ ಬರ್ತಾರೆ. ಹೊಲಿಗೆ ಮಿಷನ್ ಎಲ್ಲಿ ಅಂತಾರೆ. ಸುಳ್ಳು ಬರೆಸವ್ಳೆ ಅಂತ ಮಗಳನ್ನ ಬರಿಗೈಲಿ ಕಳಿಸ್ತಾರೆ. ಆಗ ನೀನು ಬರ್ತೀಯಾ ಬೆಂಗಳೂರಿಂದ?"

ಆವಲಪ್ಪ ನಡುವೆ ಬಾಯಿ ಹಾಕಿದ. "ಏನೂ ಆಗಲ್ಲ ಕಣಕ್ಕ. ಈ ತಿಂಗಳು ನಾಲ್ಕು ಜನದ್ದು ಹಂಗೇ ಕಳಿಸಿದೀನಿ. ಎಲ್ಲಾ ಪಾಸಾದ್ವು."

ಕದಿರಮ್ಮ ಎದ್ದು ನಿಂತಳು. ಆ ಇಂಗ್ಲಿಷ್ ಹಾಳೆಗಳಿಗೆ ತಮ್ಮನನ್ನು ನಂಬಿ ಅವಳೇ ಸಹಿ ಹಾಕಿದ್ದಳು. ಗೋಡೆಯಿಂದ ಪ್ಲಗ್ಗನ್ನು ಕಿತ್ತಳು. ಪರದೆ ಕಪ್ಪಾಯಿತು.

"ತಗೊಂಡು ಹೋಗಪ್ಪ ಇದನ್ನ."

"ಮುಂದಿನ ವರ್ಷ ಪಟ್ಟಿ ಸರಿಮಾಡ್ತೀವಿ ಮೇಡಂ."

"ಮಾಡ್ಕೊಂಡು ಆಮೇಲೆ ಬಾ."

ಅವನು ಹೋದ ಮೇಲೆ ಹಳೆಯ ಕನ್ನಡ ಫಾರಂ ತೆಗೆದು, ಮುನಿಶಾಮಮ್ಮನ ಕಸುಬನ್ನು ಕೈಯಾರೆ ಬರೆದು, ಓದಿ ಹೇಳಿ, ಸಹಿ ಮಾಡಿಸಿಕೊಂಡಳು. ಆಮೇಲೆ ತಮ್ಮನ ಕಡೆ ತಿರುಗಿದಳು. "ನಡಿ. ಆ ನಾಲ್ಕು ಮನೆಗೂ ನೀನೇ ಬಂದು ಹೇಳ್ಬೇಕು."

ಮೊದಲ ಮನೆಯಲ್ಲೇ ಮುನಿಗಂಗಮ್ಮ ಕೂಗಾಡಿದಳು. "ನಿನ್ನ ಮುಖ ನೋಡಿ ಹೆಬ್ಬೆಟ್ಟು ಒತ್ತಿದೆ ಕದಿರಕ್ಕಾ! ನಾನು ಸೂಜಿ ಹಿಡಿದೋಳೇ ಅಲ್ಲ!" ಕದಿರಮ್ಮ ತಮ್ಮನನ್ನು ಮುಂದಕ್ಕೆ ತಳ್ಳಿದಳು. ಆವಲಪ್ಪ ತಲೆ ತಗ್ಗಿಸಿ ತಾನು ಮಾಡಿದ್ದನ್ನು ಹೇಳಿದ, ತಿದ್ದುಪಡಿ ಅರ್ಜಿಗೆ ಹೆಬ್ಬೆಟ್ಟು ಒತ್ತಿಸಿಕೊಂಡ. ಮೂವರು ಒಪ್ಪಿದರು. ನಾಲ್ಕನೆಯ ಮನೆಯ ಅಮ್ಮಾಜಮ್ಮ ಮಾತ್ರ ಬಾಗಿಲಲ್ಲೇ ನಿಲ್ಲಿಸಿ, ಇನ್ನು ನಿಮ್ಮ ಸಹವಾಸವೇ ಬೇಡ, ಬೇರೆ ಏಜೆಂಟರ ಹತ್ತಿರ ಸರಿಮಾಡಿಸಿಕೊಳ್ಳುತ್ತೇನೆ ಎಂದು ಕದ ಹಾಕಿಕೊಂಡಳು.

ಮರುದಿನ ಚಿಂತಾಮಣಿಯ ವಿಮಾ ಶಾಖೆಯಲ್ಲಿ ಅಧಿಕಾರಿ ಅರ್ಜಿಗಳನ್ನು ಪಕ್ಕಕ್ಕೆ ತಳ್ಳಿದ. "ಪಾಸಾಗಿರೋದನ್ನ ಯಾಕಮ್ಮ ಕೆದಕ್ತೀರ?"

"ಅವರು ಸತ್ತ ಮೇಲೆ ನೀವು ಕೆದಕ್ತೀರಲ್ಲ, ಅದಕ್ಕೇ. ಮೊಹರು ಹಾಕಿ ನಕಲು ಕೊಡಿ. ಅಲ್ಲೀವರ್ಗೂ ನಾನು ಏಳಲ್ಲ."

ಊಟದ ಹೊತ್ತು ಕಳೆಯಿತು. ಅವಳು ಎದುರಿನ ಕುರ್ಚಿ ಬಿಡಲಿಲ್ಲ. ಹಿಂದೆ ಜನ ಸೇರಿ ಗೊಣಗತೊಡಗಿದಾಗ ಅಧಿಕಾರಿ ಮೊಹರು ಒತ್ತಿದ. ತಿದ್ದಿದ ಪಾಲಿಸಿಗಳು ಬರಲು ತಿಂಗಳುಗಳೇ ಹಿಡಿದವು, ಆದರೆ ಮೂರೂ ಬಂದವು.

ಮೊಹರು ಬಿದ್ದ ದಿನ ವಾಪಸು ಬರುವ ಬಸ್ಸಿನಲ್ಲಿ, ಜೊತೆಗೆ ಬಂದಿದ್ದ ಆವಲಪ್ಪ ಕೇಳಿದ, "ಈಗ ಸಮಾಧಾನ ಆಯ್ತಾ ಅಕ್ಕ?"

"ಇಲ್ಲ," ಎಂದಳು ಕದಿರಮ್ಮ. ಶಿಡ್ಲಘಟ್ಟ ಬರುವವರೆಗೂ ಅವನತ್ತ ತಿರುಗಲಿಲ್ಲ.